ಇಲಿಗಳಿಗೂ ವಕೀಲರಿದ್ದ ಊರು

ಬುಧವಾರ

ಮೆರಾನೊದಿಂದ ಹೊರಡುವ ಪುಟ್ಟ ರೈಲು ಮೊದಲು ಬೆಟ್ಟದ ಮೈಯಲ್ಲಿ ಸುತ್ತು ಹಾಕಿ ಮೇಲೇರುತ್ತದೆ, ಆಮೇಲೆ ಸೇಬಿನ ತೋಟಗಳ ನಡುವೆ ನೇರವಾಗಿ ಪಶ್ಚಿಮಕ್ಕೆ ಓಡುತ್ತದೆ. ಇಟಲಿಯ ಉತ್ತರದ ಅಂಚಿನಲ್ಲಿ, ಆಸ್ಟ್ರಿಯ ಮತ್ತು ಸ್ವಿಟ್ಜರ್‌ಲೆಂಡ್ ಎರಡರ ಗಡಿಗೂ ಒತ್ತಿಕೊಂಡಿರುವ ಈ ಕಣಿವೆಯ ಹೆಸರು ವಿನ್ಶ್‌ಗಾವ್. ಹಳಿ ಹಾಕಿದ್ದು 1906ರಲ್ಲಿ, ಆಸ್ಟ್ರಿಯದ ಚಕ್ರವರ್ತಿಯ ಕಾಲದಲ್ಲಿ. 1990ರಲ್ಲಿ ಇಟಲಿಯ ರೈಲ್ವೆಯವರು ಈ ಮಾರ್ಗವನ್ನು ಮುಚ್ಚಿಬಿಟ್ಟರು. ಪ್ರಾಂತ್ಯದ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡು ದುರಸ್ತಿ ಮಾಡಿಸಿ 2005ರಲ್ಲಿ ಮತ್ತೆ ಓಡಿಸಿತು. ಈಗ ಸೆಪ್ಟೆಂಬರ್ ತಿಂಗಳ ವಾರದ ನಡುವಿನ ದಿನದಲ್ಲೂ ಕೂರಲು ಜಾಗ ಹುಡುಕಬೇಕು. ಅರ್ಧ ಬೋಗಿಯನ್ನು ಸೈಕಲ್‌ಗಳೇ ಹಿಡಿದಿರುತ್ತವೆ.

ಅಕ್ಕ ಮ್ಯೂನಿಕ್‌ನಲ್ಲಿ ಕೆಲಸ ಮಾಡುತ್ತಾಳೆ. ಅವಳ ರಜೆಗೆ ನನ್ನ ರಜೆಯನ್ನು ಹೊಂದಿಸಿಕೊಂಡು ಹೊರಟ ಪ್ರವಾಸ ಇದು. ಜರ್ಮನ್ ಬಲ್ಲವಳು ಅವಳು, ನಕ್ಷೆ ನೋಡುವ ಕೆಲಸ ನನ್ನದು. ಇಲ್ಲಿ ನಕ್ಷೆ ನೋಡುವುದೂ ಸುಲಭವಲ್ಲ, ಪ್ರತಿ ಊರಿಗೂ ಎರಡೆರಡು ಹೆಸರು. ಮೊದಲ ಮಹಾಯುದ್ಧದ ನಂತರ, 1919ರ ಒಪ್ಪಂದದ ಪ್ರಕಾರ, ದಕ್ಷಿಣ ಟೈರೋಲ್ ಇಟಲಿಯ ಪಾಲಾಯಿತು. ಜನ ಮಾತ್ರ ಇಂದಿಗೂ ಮನೆಯಲ್ಲಿ, ಅಂಗಡಿಯಲ್ಲಿ, ಚರ್ಚಿನಲ್ಲಿ ಆಡುವುದು ಜರ್ಮನ್. ಹಾಗಾಗಿ ನಾವು ಹೊರಟ ಊರು ಜರ್ಮನ್ನಿನಲ್ಲಿ ಗ್ಲುರ್ನ್ಸ್, ಇಟಾಲಿಯನ್ನಿನಲ್ಲಿ ಗ್ಲೊರೆಂಜಾ.

ಲಾಸ್ ಎಂಬ ನಿಲ್ದಾಣದ ಬಳಿ ಬಿಳಿ ಅಮೃತಶಿಲೆಯ ದೊಡ್ಡ ದೊಡ್ಡ ಬಂಡೆಗಳು ಬಯಲಿನಲ್ಲೇ ಬಿದ್ದಿದ್ದವು. ಎರಡನೆಯ ಮಹಾಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರ ಸಮಾಧಿಗಳ ಮೇಲೆ ನೆಟ್ಟ ಶಿಲುಬೆಗಳಿಗೂ, ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ರೈಲು ನಿಲ್ದಾಣದ ನೆಲಕ್ಕೂ ಕಲ್ಲು ಹೋದದ್ದು ಇಲ್ಲಿಂದಲೇ. ಕೊನೆಯ ನಿಲ್ದಾಣ ಮಾಲ್ಸ್. ಅಲ್ಲಿಂದ ಬಸ್ಸಿನಲ್ಲಿ ಕೆಲವೇ ನಿಮಿಷ. ಕೋಟೆಯ ಹೆಬ್ಬಾಗಿಲೊಳಗೆ ನುಗ್ಗಿ ಚೌಕದಲ್ಲಿ ಇಳಿದಾಗ ಕತ್ತಲಾಗುತ್ತಿತ್ತು. ಊಟ ಮಾಡಿ ಮಲಗಿದ್ದು ಬಿಟ್ಟರೆ ಆ ದಿನ ಹೇಳುವಂಥದ್ದು ಬೇರೇನೂ ಇಲ್ಲ.

ಗುರುವಾರ

ಗ್ಲುರ್ನ್ಸ್ ನಗರವೆಂದು ಕರೆಸಿಕೊಳ್ಳುತ್ತದೆ. ಜನಸಂಖ್ಯೆ ಸುಮಾರು 900. ದಕ್ಷಿಣ ಟೈರೋಲ್‌ನಲ್ಲಿ ಇದಕ್ಕಿಂತ ಚಿಕ್ಕ ನಗರವಿಲ್ಲ. ಸುತ್ತಲೂ ಕೋಟೆಗೋಡೆ, ಮೂಲೆಗಳಲ್ಲಿ ದುಂಡನೆಯ ಬುರುಜುಗಳು, ಒಳಹೋಗಲು ಮೂರು ಹೆಬ್ಬಾಗಿಲು. ಗೋಡೆ ಎಲ್ಲಿಯೂ ತುಂಡಾಗದೆ ಊರನ್ನು ಪೂರ್ತಿ ಸುತ್ತುವರಿದಿದೆ. ಯುರೋಪಿನಲ್ಲಿ ಕೋಟೆಯೂರುಗಳಿಗೆ ಬರವಿಲ್ಲ, ಆದರೆ ಬಹುತೇಕ ಕಡೆ ಗೋಡೆಯ ಹೊರಗೆ ಹೊಸ ಊರು ಹತ್ತು ಪಟ್ಟು ಬೆಳೆದಿರುತ್ತದೆ. ಇಲ್ಲಿ ಗೋಡೆ ಮುಗಿದ ಕೂಡಲೇ ಹುಲ್ಲುಗಾವಲು ಶುರುವಾಗುತ್ತದೆ.

ಈ ಗೋಡೆ ಎದ್ದದ್ದು ಒಂದು ಸೋಲಿನಿಂದ. 1499ರ ಮೇ 22ರಂದು, ಇಲ್ಲಿಗೆ ಸಮೀಪದ ಕಾಲ್ವೆನ್ ಕಮರಿಯಲ್ಲಿ, ಇಂದಿನ ಸ್ವಿಟ್ಜರ್‌ಲೆಂಡ್‌ಗೆ ಸೇರಿದ ಗ್ರೌಬ್ಯುಂಡನ್ ಸೀಮೆಯ ರೈತಪಡೆ ಹ್ಯಾಪ್ಸ್‌ಬರ್ಗ್ ಅರಸರ ಸೈನ್ಯವನ್ನು ಹೊಡೆದೋಡಿಸಿತು. ಗೆದ್ದವರು ಕಣಿವೆಗೆ ಇಳಿದು ಗ್ಲುರ್ನ್ಸ್ ಸೇರಿದಂತೆ ಊರೂರುಗಳನ್ನೇ ಸುಟ್ಟರು. ಆಗ ಪಟ್ಟದಲ್ಲಿದ್ದ ಮ್ಯಾಕ್ಸಿಮಿಲಿಯನ್ ಈ ಊರನ್ನು ಗಡಿಯ ಕೋಟೆಯಾಗಿ ಮತ್ತೆ ಕಟ್ಟಬೇಕೆಂದು ಆಜ್ಞೆ ಮಾಡಿದ. ನಕ್ಷೆ ಅವನ ಆಸ್ಥಾನದ ಯೋರ್ಗ್ ಕೋಲ್ಡರರ್‌ನದು. ಕೆಲಸ ಎಳೆದೂ ಎಳೆದೂ ಗೋಡೆ ಪೂರ್ತಿಯಾಗುವಾಗ 1580ರ ಹೊತ್ತು. ಅಷ್ಟರಲ್ಲಿ ಮ್ಯಾಕ್ಸಿಮಿಲಿಯನ್ ಸತ್ತು ಅರವತ್ತು ವರ್ಷ ಕಳೆದಿತ್ತು. ಸರ್ಕಾರಿ ಕಾಮಗಾರಿಗಳ ವಿಚಾರದಲ್ಲಿ ನಾವು ಸುಮ್ಮನೆ ನಮ್ಮವರನ್ನಷ್ಟೇ ಬೈಯುತ್ತೇವೆ.

ಒಳಗಿನ ಕೈಸಾಲೆಗಳ ಬೀದಿ ನನಗೆ ಗೋಡೆಗಿಂತ ಹೆಚ್ಚು ಹಿಡಿಸಿತು. ಉಪ್ಪು ಮಾರುವವರೂ ಹೇರು ಎಳೆಯುವವರೂ ತುಂಬಿರುತ್ತಿದ್ದ ಕಾಲದ ಕಮಾನುಗಳು ಇವು. ಹಾಲ್ ಪಟ್ಟಣದ ಗಣಿಯ ಉಪ್ಪು ಈ ಊರಿನ ಮೇಲೆಯೇ ಸ್ವಿಸ್ ಕಡೆಗೆ ಹೋಗುತ್ತಿತ್ತು. ಕಮಾನುಗಳು ಎಷ್ಟು ತಗ್ಗು ಎಂದರೆ ಎತ್ತರದ ಆಳು ತಲೆ ಬಗ್ಗಿಸಿಯೇ ನಡೆಯಬೇಕು. ವ್ಯಾಪಾರ ಬೇರೆ ದಾರಿ ಹಿಡಿದ ಮೇಲೆ ಊರಿಗೆ ಉಳಿದದ್ದು ಬೇಸಾಯ. ಹೊಸದಾಗಿ ಕಟ್ಟಿಸುವಷ್ಟು ಹಣ ಯಾರಲ್ಲೂ ಇಲ್ಲದಿದ್ದರಿಂದ ಹಳೆಯದು ಉಳಿದುಕೊಂಡಿತು. ಇಂದಿಗೂ ಕೋಟೆಯ ಒಳಗೆ ಹುಲ್ಲಿನ ಕಣಜಗಳಿವೆ. ಒಂದು ಓಣಿಯಲ್ಲಿ ಸೆಗಣಿಯ ವಾಸನೆ ಬಂದಾಗ ಅಕ್ಕ ನಿಂತು, “ಇದು ನಿಜವಾದ ಊರು. ಬೊಂಬೆಮನೆಯಲ್ಲ” ಎಂದಳು.

ಗೋಡೆಯಾಚೆ, ಎಟ್ಷ್ ನದಿಯ ಸೇತುವೆ ದಾಟಿದರೆ ಸಂತ ಪಂಕ್ರಾಸನ ಚರ್ಚು. ಅದರ ಗೋಪುರದ ಹೊರಮೈ ಮೇಲೆ 1496ರಲ್ಲಿ ಬರೆದ ಅಂತಿಮ ತೀರ್ಪಿನ ಚಿತ್ರವಿದೆ. ಮೂರೇ ವರ್ಷದಲ್ಲಿ ಊರೆಲ್ಲ ಸುಟ್ಟುಹೋದರೂ ಚಿತ್ರ ಉಳಿಯಿತು. ಈ ಊರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಪೌಲ್ ಫ್ಲೋರಾನ ಸಮಾಧಿಯೂ ಗ್ಲುರ್ನ್ಸ್‌ನಲ್ಲೇ ಇದೆ. 1922ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡವನು. ಅವನ ಗೆರೆಗಳನ್ನು ಕೋಟೆಬಾಗಿಲ ಗೋಪುರವೊಂದರಲ್ಲಿ ಇಟ್ಟಿದ್ದಾರೆ. ಕರಿಯ ಕಾಗೆಗಳು, ಮಂಜು ಕವಿದ ವೆನಿಸ್, ಉದ್ದ ಮೂಗಿನ ಮುಖವಾಡಗಳು. ಒಂದು ಗಂಟೆ ಅಲ್ಲೇ ಕಳೆದುಹೋಯಿತು.

ಆದರೆ ನಾನು ಇಲ್ಲಿಗೆ ಬಂದದ್ದು ಗೋಡೆಗಾಗಿಯೂ ಅಲ್ಲ, ಕಾಗೆಗಳಿಗಾಗಿಯೂ ಅಲ್ಲ. ಇಲಿಗಳಿಗಾಗಿ.

1519ರಲ್ಲಿ, ಪಕ್ಕದ ಬೆಟ್ಟದ ಮೇಲಿನ ಷ್ಟಿಲ್ಫ್ಸ್ ಹಳ್ಳಿಯ ಪರವಾಗಿ ಸೀಮೊನ್ ಫ್ಲಿಸ್ ಎಂಬಾತ ಗ್ಲುರ್ನ್ಸ್ ನ್ಯಾಯಾಲಯದಲ್ಲಿ ಹೊಲದ ಇಲಿಗಳ ಮೇಲೆ ದಾವೆ ಹೂಡಿದ. ಇಲಿಗಳು ನೆಲ ಕೊರೆದು ಬೆಳೆ ಹಾಳುಮಾಡುತ್ತಿವೆ, ಹೀಗೇ ಆದರೆ ಒಡೆಯರಿಗೆ ಗೇಣಿ ಕಟ್ಟಲಾಗದು ಎಂಬುದು ಅವನ ಅಹವಾಲು. ನ್ಯಾಯಾಧೀಶರು ಇದನ್ನು ತಮಾಷೆಯೆಂದು ತಳ್ಳಿಹಾಕಲಿಲ್ಲ. ಎದುರು ಪಕ್ಷದ ಮಾತನ್ನೂ ಕೇಳದೆ ತೀರ್ಪು ಕೊಡಬಾರದೆಂದು ಇಲಿಗಳಿಗೆ ಹಾನ್ಸ್ ಗ್ರೀನೆಬ್ನರ್ ಎಂಬ ವಕೀಲನನ್ನು ನೇಮಿಸಿದರು. ಸಾಕ್ಷಿಗಳ ವಿಚಾರಣೆ ನಡೆಯಿತು. ಇಲಿಗಳು ಹುಳುಹುಪ್ಪಟೆ ತಿಂದು, ಮಣ್ಣು ಸಡಿಲಿಸಿ ಉಪಕಾರವನ್ನೂ ಮಾಡುತ್ತವೆ ಎಂದು ವಕೀಲ ವಾದಿಸಿದ. ಒಂದು ವೇಳೆ ಅವು ಜಾಗ ಬಿಡಲೇಬೇಕಾದರೆ ಬದುಕಲು ಬೇರೆ ನೆಲೆ ತೋರಿಸಬೇಕು, ದಾರಿಯಲ್ಲಿ ನಾಯಿ ಬೆಕ್ಕುಗಳ ಕಾಟವಿಲ್ಲದಂತೆ ರಕ್ಷಣೆ ಕೊಡಬೇಕು ಎಂದೂ ಕೇಳಿದ.

1520ರಲ್ಲಿ ತೀರ್ಪು ಬಂತು. ಇಲಿಗಳು ಹದಿನಾಲ್ಕು ದಿನಗಳೊಳಗೆ ಷ್ಟಿಲ್ಫ್ಸ್‌ನ ಹೊಲಗಳನ್ನು ತೆರವು ಮಾಡಬೇಕು. ಗರ್ಭಿಣಿ ಇಲಿಗಳಿಗೂ ನಡೆಯಲಾಗದ ಮರಿಗಳಿಗೂ ಇನ್ನೂ ಹದಿನಾಲ್ಕು ದಿನಗಳ ರಿಯಾಯಿತಿ, ಅಷ್ಟೂ ದಿನ ರಕ್ಷಣೆ.

“ಇಲಿಗಳು ಹೋದವಂತೆಯೇ?” ಎಂದು ಅಕ್ಕ ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತೀರ್ಪಿನ ಪ್ರತಿಯನ್ನು ಅವುಗಳಿಗೆ ಓದಿ ಹೇಳಿದವರು ಯಾರು ಎಂಬುದು ಅವಳ ಮುಂದಿನ ಪ್ರಶ್ನೆಯಾಗಿತ್ತು.

ಶುಕ್ರವಾರ

ದಾವೆ ಹೂಡಿದ ಹಳ್ಳಿಯನ್ನು ನೋಡದೆ ಇರಲಾಗಲಿಲ್ಲ. ಪ್ರಾಡ್ ಎಂಬಲ್ಲಿಂದ ಹೊರಡುವ ರಸ್ತೆ ಪ್ರಸಿದ್ಧ ಸ್ಟೆಲ್ವಿಯೊ ಘಟ್ಟಕ್ಕೆ ಹೋಗುತ್ತದೆ: ಈ ಬದಿಯಲ್ಲಿ 48 ಹೇರ್‌ಪಿನ್ ತಿರುವುಗಳು, ತುದಿಯ ಎತ್ತರ 2757 ಮೀಟರ್. ಕಾರ್ಲೊ ಡೊನೆಗಾನಿ ಎಂಬ ಎಂಜಿನಿಯರ್ 1820ರಿಂದ 1825ರೊಳಗೆ ಕಟ್ಟಿ ಮುಗಿಸಿದ ರಸ್ತೆ ಅದು. ಬೇಸಿಗೆಯಲ್ಲಿ ಮೋಟಾರ್‌ಸೈಕಲ್‌ಗಳ ಆರ್ಭಟ ಕಣಿವೆಯ ತಳಕ್ಕೂ ಕೇಳಿಸುತ್ತದೆ. ನಾವು ತುದಿಯವರೆಗೆ ಹೋಗಲಿಲ್ಲ, ಹೋಗದ್ದಕ್ಕೆ ಬೇಸರವೂ ಇಲ್ಲ. ಘಟ್ಟಕ್ಕೆ ಹೆಸರು ಕೊಟ್ಟ ಷ್ಟಿಲ್ಫ್ಸ್‌ನಲ್ಲೇ ಇಳಿದೆವು.

ಸುಮಾರು 1300 ಮೀಟರ್ ಎತ್ತರದಲ್ಲಿ ಬೆಟ್ಟದ ಕಡಿದಾದ ಮೈಗೆ ಮನೆಗಳು ಅಂಟಿಕೊಂಡಿವೆ. ಒಂದು ಮನೆಯ ಅಟ್ಟದ ಮಟ್ಟಕ್ಕೆ ಇನ್ನೊಂದು ಮನೆಯ ಹೊಸ್ತಿಲು. ಹೊಲಗಳು ಎಷ್ಟು ಕಿರಿದಾಗಿವೆ, ಎಷ್ಟು ಇಳಿಜಾರಾಗಿವೆ ಎಂದು ಕಣ್ಣಾರೆ ನೋಡಿದ ಮೇಲೆ ಸೀಮೊನ್ ಫ್ಲಿಸ್‌ನ ಸಂಕಟ ನಗುವ ವಿಷಯವಾಗಿ ಉಳಿಯಲಿಲ್ಲ. ಇಂಥ ನೆಲದಲ್ಲಿ ಎರಡು ಸಾಲು ರೈ ಹಾಳಾದರೂ ಒಂದು ಮನೆಯ ಚಳಿಗಾಲದ ರೊಟ್ಟಿ ಹೋದಂತೆಯೇ.

ರೊಟ್ಟಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಇಲ್ಲಿ ಜೋಡಿ ಜೋಡಿಯಾಗಿ ಅಂಟಿಸಿ ಬೇಯಿಸುವ ರೈ ಬ್ರೆಡ್ ಇದೆ, ಪಾರ್ಲ್ ಎನ್ನುತ್ತಾರೆ. ಬೇಕರಿಯಲ್ಲಿ ಅಕ್ಕ ಅದನ್ನು ಮುರಿದು ಮೂಸಿದವಳೇ, “ಮೆಂತ್ಯ!” ಎಂದಳು. ಮಾರುವ ಹೆಂಗಸಿಗೆ ಜರ್ಮನ್ನಿನಲ್ಲಿ ವಿಚಾರಿಸಿದಾಗ ಸಂಗತಿ ತಿಳಿಯಿತು. ನಮ್ಮ ಮೆಂತ್ಯದ ದಾಯಾದಿಯಾದ ನೀಲಿ ಹೂವಿನ ಗಿಡವೊಂದನ್ನು ಒಣಗಿಸಿ ಪುಡಿ ಮಾಡಿ ಹಿಟ್ಟಿಗೆ ಬೆರೆಸುತ್ತಾರೆ, ಜೊತೆಗೆ ಸೋಂಪು. ಅಕ್ಕನಿಗೆ ಮಾಂಸ ಸೇರುವುದಿಲ್ಲ. ಈ ಬ್ರೆಡ್ಡು, ಪಾಲಕ್ ಮತ್ತು ಗಿಣ್ಣು ತುಂಬಿದ ಷ್ಲುಟ್ಸ್‌ಕ್ರಾಪ್ಫನ್ ಎಂಬ ಕಡುಬು, ಸೇಬು. ಅವಳ ಪ್ರವಾಸ ಇಷ್ಟರಲ್ಲೇ ಸಲೀಸಾಗಿ ನಡೆಯಿತು. ನಾನು ಗ್ಲುರ್ನ್ಸ್‌ನ ಪಾಲಾ ಪೇರಳೆಗೆ ಮನಸೋತೆ. ಇದು ನಮ್ಮ ಸೀಬೆಯಲ್ಲ, ಪೇರ್ ಜಾತಿಯ ಹಣ್ಣು. ಮನೆಗಿಂತ ಎತ್ತರದ ಮುದಿಮರಗಳಲ್ಲಿ ಬಿಡುತ್ತದೆ, ಒಣಗಿಸಿ ಬ್ರೆಡ್ಡಿಗೂ ಹಾಕುತ್ತಾರೆ.

ಶನಿವಾರ

ಬಸ್ಸು ಹತ್ತಿ ಕಣಿವೆಯ ಮೇಲ್ತುದಿಗೆ, ಆಸ್ಟ್ರಿಯದ ಗಡಿಯ ಕಡೆಗೆ. ರೆಶನ್ ಸರೋವರದ ನೀರಿನ ನಡುವೆ ಒಂದು ಚರ್ಚಿನ ಗೋಪುರ ಒಂಟಿಯಾಗಿ ನಿಂತಿರುವ ಚಿತ್ರವನ್ನು ಮೊಬೈಲಿನಲ್ಲಿ ನೋಡದವರು ಕಡಿಮೆ. ದಡದಲ್ಲಿ ಬಸ್ಸುಗಳ ಸಾಲು, ಸೆಲ್ಫಿ ಕೋಲುಗಳು, ಐಸ್‌ಕ್ರೀಮ್. ನೀರಿನ ಬಣ್ಣ ಸುಂದರವಾಗಿಯೇ ಇದೆ. ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಮನಸ್ಸಾಗಲಿಲ್ಲ.

ಗೋಪುರ ಹದಿನಾಲ್ಕನೆಯ ಶತಮಾನದ್ದು, ಗ್ರೌನ್ ಹಳ್ಳಿಗೆ ಸೇರಿದ್ದು. ಇಲ್ಲಿ ಮೊದಲು ಎರಡು ಸಹಜ ಸರೋವರಗಳಿದ್ದವು. ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿ, ನೀರಿನ ಮಟ್ಟವನ್ನು 22 ಮೀಟರ್ ಏರಿಸಿ, ಎರಡನ್ನೂ ಒಂದಾಗಿಸಿದರು. ಯೋಜನೆ ಮಾಂಟೆಕಾಟೀನಿ ಕಂಪನಿಯದು. ಮುಸೊಲಿನಿಯ ಕಾಲದಲ್ಲಿ ಇದರ ಪ್ರಕಟಣೆಯನ್ನು ಹಳ್ಳಿಯಲ್ಲಿ ಅಂಟಿಸಿದ್ದು ಇಟಾಲಿಯನ್ ಭಾಷೆಯಲ್ಲಿ. ಓದಬೇಕಾದ ಜನ ಜರ್ಮನ್ ಆಡುವವರು. ಯುದ್ಧ ಮುಗಿದು ಸರ್ಕಾರ ಬದಲಾದರೂ ಯೋಜನೆ ನಿಲ್ಲಲಿಲ್ಲ. ಊರಿನ ಪಾದ್ರಿ ರೋಮ್‌ವರೆಗೆ ಹೋಗಿ ಪೋಪ್‌ಗೂ ಮೊರೆಯಿಟ್ಟರು. 1950ರ ಬೇಸಿಗೆಯಲ್ಲಿ ನೀರು ಏರಿತು. 163 ಮನೆಗಳು, 523 ಹೆಕ್ಟೇರ್ ಸಾಗುವಳಿ ಭೂಮಿ ಮುಳುಗಿದವು. ಮನೆಗಳನ್ನು ಮೊದಲೇ ಸಿಡಿಸಿ ಕೆಡವಿದ್ದರು. ಹಳೆಯ ಸ್ಮಾರಕವೆಂದು ಗೋಪುರವನ್ನು ಮಾತ್ರ ಬಿಟ್ಟರು. ಬಹಳ ಕುಟುಂಬಗಳು ಊರು ತೊರೆದವು, ಉಳಿದವರು ಮೇಲೆ ದಿಬ್ಬದಲ್ಲಿ ಹೊಸ ಗ್ರೌನ್ ಕಟ್ಟಿಕೊಂಡರು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದಾಗ ಗಂಟೆ ಕೇಳಿಸುತ್ತದೆ ಎಂಬ ಕತೆಯನ್ನು ಅಂಗಡಿಯವರು ಹೇಳುತ್ತಾರೆ. ಗಂಟೆಗಳನ್ನು 1950ರ ಜುಲೈನಲ್ಲೇ ಇಳಿಸಿ ಒಯ್ದಿದ್ದರು.

ಷ್ಟಿಲ್ಫ್ಸ್‌ನ ಇಲಿಗಳಿಗೆ ವಕೀಲನಿದ್ದ. ಎದ್ದುಹೋಗಲು ಬೇರೆ ನೆಲೆ ಕೇಳಿದ, ಬಸುರಿಯರಿಗೆ ಹೆಚ್ಚಿನ ಗಡುವು ಪಡೆದ. ಅದೇ ಕಣಿವೆಯಲ್ಲಿ ನಾಲ್ಕುನೂರ ಮೂವತ್ತು ವರ್ಷಗಳ ನಂತರ ಗ್ರೌನ್‌ನ ಮನುಷ್ಯರಿಗೆ ನೋಟಿಸೂ ಅರ್ಥವಾಗುವ ಭಾಷೆಯಲ್ಲಿ ಬರಲಿಲ್ಲ. ದಡದಲ್ಲಿ ನಿಂತಾಗ ನನ್ನ ತಲೆಯಲ್ಲಿದ್ದುದು ಇದೊಂದೇ. ಅಕ್ಕನಿಗೆ ಹೇಳಿದೆ. ಅವಳು, “ಶರಾವತಿಯ ಹಿನ್ನೀರಿನವರನ್ನು ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ” ಎಂದಳು. ಲಿಂಗನಮಕ್ಕಿಯಲ್ಲಿ ಮನೆಮಠ ಕಳೆದುಕೊಂಡವರು ಇನ್ನೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವ ಸುದ್ದಿಯನ್ನು ನಾವಿಬ್ಬರೂ ಓದಿದವರೇ.

ಹಿಂತಿರುಗುವಾಗ ಬುರ್ಗೈಸ್‌ನಲ್ಲಿ ಇಳಿದು ಮರೀನ್‌ಬರ್ಗ್ ಮಠಕ್ಕೆ ಹತ್ತಿದೆವು. 1340 ಮೀಟರ್ ಎತ್ತರದಲ್ಲಿ ಬೆಳ್ಳಗೆ ಕೂತಿರುವ ಈ ಬೆನೆಡಿಕ್ಟೀನ್ ಮಠಕ್ಕಿಂತ ಎತ್ತರದಲ್ಲಿ ಆ ಪಂಗಡದ ಇನ್ನೊಂದು ಮಠ ಯುರೋಪಿನಲ್ಲಿಲ್ಲ. ಚರ್ಚಿನ ಕೆಳಗಿನ ನೆಲಮನೆಯಲ್ಲಿ ಹನ್ನೆರಡನೆಯ ಶತಮಾನದ ಭಿತ್ತಿಚಿತ್ರಗಳಿವೆ. ನಡುವೆ ಆ ಜಾಗವನ್ನು ಸನ್ಯಾಸಿಗಳನ್ನು ಹೂಳಲು ಬಳಸಿದ್ದರಿಂದ ಚಿತ್ರಗಳ ಬಹುಭಾಗ ಗೋರಿಗಳ ಹಿಂದೆ ಮುಚ್ಚಿಹೋಗಿತ್ತು, 1980ರಲ್ಲಿ ಗೋರಿಗಳನ್ನು ತೆರವು ಮಾಡಿದಾಗ ಪೂರ್ತಿ ಹೊರಬಂತು. ಬೆಳಕು, ಗಾಳಿ ತಾಗದೆ ಇದ್ದ ನೀಲಿ ನೋಡಬೇಕು! ದೇವದೂತರ ಮುಖಗಳು ಅಗಲಗಣ್ಣಿನವು, ರೆಕ್ಕೆಗಳು ನವಿಲುಗರಿಯಂತೆ. ಜನರ ಉಸಿರಿನ ತೇವದಿಂದ ಬಣ್ಣ ಕೆಡಬಾರದೆಂದು ಅಲ್ಲಿಗೆ ಪ್ರವೇಶ ಬಿಗಿ. ನಮಗೆ ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಕೂರಲು ಅವಕಾಶ ಸಿಕ್ಕಿತು. ಮುದಿ ಸನ್ಯಾಸಿಗಳ ಹಾಡು ಶ್ರುತಿಗೆ ಅಷ್ಟಾಗಿ ನಿಲ್ಲುತ್ತಿರಲಿಲ್ಲ. ನಾನು ಮೇಲೆ ನೋಡುತ್ತಲೇ ಕೂತಿದ್ದೆ, ಕತ್ತು ಹಿಡಿದುಕೊಂಡಿತು.

ಭಾನುವಾರ

ಷ್ಲುಡರ್ನ್ಸ್ ಊರಿನ ಮೇಲಿನ ಚುರ್‌ಬುರ್ಗ್ ಕೋಟೆಯನ್ನು ಹದಿಮೂರನೆಯ ಶತಮಾನದಲ್ಲಿ ಕೂರ್‌ನ ಬಿಷಪ್ ಕಟ್ಟಿಸಿದ. ಆಮೇಲೆ ಮಾಟ್ಷ್ ವಂಶದವರ ಕೈಗೆ, 1504ರಿಂದ ಟ್ರಾಪ್ ಕುಟುಂಬದ ಕೈಗೆ. ಇಂದಿಗೂ ಒಡೆಯರು ಅವರೇ. ಒಳಗೆ ಆಯುಧಶಾಲೆ. ವಸ್ತುಸಂಗ್ರಹಾಲಯಕ್ಕೆಂದು ಕೊಂಡು ತಂದ ಕವಚಗಳಲ್ಲ ಇವು, ಇದೇ ಮನೆಯ ಯಜಮಾನರ ಅಳತೆಗೆ ಮಾಡಿಸಿ, ತೊಟ್ಟು, ಕಳಚಿ ಇಟ್ಟವು. ಅವುಗಳಲ್ಲಿ ಒಂದು ಎರಡು ಮೀಟರಿಗೂ ಎತ್ತರದ ಆಳಿಗೆ ಹೊಲಿಸಿದ್ದು. ಹೊಲಿಸಿದ್ದು ಎಂಬ ಪದವೇ ಬಾಯಿಗೆ ಬರುತ್ತದೆ, ದರ್ಜಿಯಷ್ಟೇ ಕಾಳಜಿಯಿಂದ ಕಮ್ಮಾರ ಕೆಲಸ ಮಾಡಿದ್ದಾನೆ. ಅಂಗಳದ ಸುತ್ತಿನ ಮೊಗಸಾಲೆಯ ಚಾವಣಿಯ ಮೇಲೆ ಬಳ್ಳಿ ಹಬ್ಬಿಸಿ, ಅದರಲ್ಲಿ ವಂಶಾವಳಿಯನ್ನೇ ಬರೆಸಿದ್ದಾರೆ.

ಮಧ್ಯಾಹ್ನ ನಡೆದ ದಾರಿ ನನಗೆ ಆ ಕವಚಗಳಿಗಿಂತ ದೊಡ್ಡದು. ವಿನ್ಶ್‌ಗಾವ್ ಹಿಮಪರ್ವತಗಳ ನಡುವೆ ಇದ್ದರೂ ಒಣ ಕಣಿವೆ. ಸುತ್ತಲಿನ ಶಿಖರಗಳು ಮೋಡ ತಡೆದುಬಿಡುತ್ತವೆ. ವರ್ಷದ ಮಳೆ ಸುಮಾರು 500 ಮಿಲಿಮೀಟರ್. ಚಿತ್ರದುರ್ಗದ ಕಡೆಯವರಿಗೆ ಈ ಅಂಕಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಬಿಸಿಲು ಹೊಡೆಯುವ ಬೆಟ್ಟದ ಬದಿಯಂತೂ ಕುರುಚಲು, ಮುಳ್ಳು, ಹಳದಿ ಹುಲ್ಲು. ಹಾಗಾಗಿ ಶತಮಾನಗಳ ಹಿಂದೆಯೇ ಇಲ್ಲಿನವರು ಹಿಮನದಿಯ ತೊರೆಗಳಿಂದ ಬೆಟ್ಟದ ಅಂಚಿಗುಂಟ ಕಿರುಗಾಲುವೆಗಳನ್ನು ತಂದರು. ವಾಲ್ ಎನ್ನುತ್ತಾರೆ. ಕೆಲವೆಡೆ ನೆಲ ತೋಡಿದ್ದು, ಬಂಡೆ ಅಡ್ಡ ಬಂದಲ್ಲಿ ಟೊಳ್ಳು ಮಾಡಿದ ಮರದ ದೋಣಿ. ಪಕ್ಕದಲ್ಲೇ ಕಾಲುವೆ ಕಾಯುವವನು ಓಡಾಡಲು ಕಾಲುದಾರಿ. ನಾವು ನಡೆದದ್ದು ಆ ದಾರಿಯಲ್ಲಿ, ಸಾಲ್ದೂರ್ ತೊರೆಯ ಕಡೆಗೆ.

ಕಾಯುವವನಿಗೆ ವಾಲರ್ ಎಂದು ಹೆಸರು, ಥೇಟ್ ನಮ್ಮ ಕೆರೆಯ ನೀರುಗಂಟಿ. ಯಾರ ಹುಲ್ಲುಗಾವಲಿಗೆ ಯಾವ ದಿನ, ಎಷ್ಟು ಗಂಟೆ ನೀರು ಎಂಬ ಸರದಿ ಊರವರೆಲ್ಲ ಕೂತು ಗೊತ್ತುಮಾಡಿದ್ದು. ಕಾಲುವೆಯಲ್ಲಿ ಅಲ್ಲಲ್ಲಿ ನೀರಿನಿಂದ ತಿರುಗುವ ಚಿಕ್ಕ ಚಕ್ರ. ಚಕ್ರ ತಿರುಗಿದಂತೆ ಒಂದು ಸುತ್ತಿಗೆ ಎದ್ದು ಗಂಟೆಯ ಮೇಲೆ ಬೀಳುತ್ತದೆ. ಟಣ್ ಟಣ್ ಸದ್ದು ಕೇಳಿಸುತ್ತಿರುವಷ್ಟು ಹೊತ್ತು ವಾಲರ್ ನೆಮ್ಮದಿಯಾಗಿ ಮಲಗಬಹುದು. ಸದ್ದು ನಿಂತರೆ ಎಲೆಯೋ ಕೊಂಬೆಯೋ ಕಾಲುವೆಗೆ ಅಡ್ಡ ಬಿದ್ದಿದೆ, ಅಥವಾ ಯಾರೋ ಸರದಿ ಮೀರಿ ನೀರು ತಿರುಗಿಸಿಕೊಂಡಿದ್ದಾರೆ ಎಂದು ತಿಳಿಯಬೇಕು. ಈಗ ತೋಟಗಳಿಗೆ ತುಂತುರು ನೀರಾವರಿ ಬಂದು ಬಹಳಷ್ಟು ವಾಲ್‌ಗಳು ಕೆಲಸ ಕಳೆದುಕೊಂಡಿವೆ. ಸಾಂಪ್ರದಾಯಿಕ ನೀರು ಹಾಯಿಸುವ ಈ ವಿದ್ಯೆಯನ್ನು ಯುನೆಸ್ಕೊ 2023ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ದಾರಿಯಿಂದ ಕೆಳಗೆ ನೋಡಿದರೆ ಸೇಬಿನ ತೋಟಗಳು ಕಣಿವೆಯನ್ನು ಹಂತ ಹಂತವಾಗಿ ನುಂಗುತ್ತಾ ಮೇಲೆ ಬರುತ್ತಿರುವುದು ಕಾಣುತ್ತದೆ. ಹವೆ ಬಿಸಿಯಾದಂತೆ ಹಿಂದೆ ಹುಲ್ಲು, ರೈ ಬೆಳೆಯುತ್ತಿದ್ದ ಎತ್ತರಕ್ಕೂ ಸೇಬು ಹತ್ತಿದೆ. ಸೇಬಿಗೆ ಹೊಡೆಯುವ ಔಷಧ ಗಾಳಿಯಲ್ಲಿ ತೇಲಿ ಪಕ್ಕದ ಸಾವಯವ ರೈತನ ಹುಲ್ಲಿನ ಮೇಲೆ ಕೂರುತ್ತದೆ. ಇದರ ಬಗ್ಗೆ ಮಾಲ್ಸ್‌ನವರು 2014ರಲ್ಲಿ ಜನಮತ ನಡೆಸಿದರು. ಮತ ಹಾಕಿದವರಲ್ಲಿ ಮುಕ್ಕಾಲು ಪಾಲು ಜನ ತಮ್ಮ ಗ್ರಾಮಾಡಳಿತದ ವ್ಯಾಪ್ತಿಯಲ್ಲಿ ಕೀಟನಾಶಕ ಬೇಡವೆಂದರು. ಅಂಥ ನಿಷೇಧ ಹೇರುವ ಅಧಿಕಾರ ಸ್ಥಳೀಯ ಆಡಳಿತಕ್ಕಿಲ್ಲ ಎಂದು ಆಮೇಲೆ ನ್ಯಾಯಾಲಯ ಅದನ್ನು ರದ್ದುಮಾಡಿತು. ನಮ್ಮ ತಂಗುಮನೆಯ ಯಜಮಾನಿ ಈ ವಿಷಯ ಎತ್ತಿದರೆ ಈಗಲೂ ಧ್ವನಿ ಏರಿಸುತ್ತಾರೆ. ಯಾವ ಪಕ್ಷ ಎಂದು ಕೇಳಲು ಅಕ್ಕ ಹಿಂಜರಿದಳು. ಅವರ ಗಂಡನ ಕಡೆಯವರು ಸೇಬು ಬೆಳೆಯುವವರು.

ಸೋಮವಾರ

ಹೊರಡುವ ದಿನ ಸ್ವಿಸ್ ಅಂಚೆ ಇಲಾಖೆಯ ಹಳದಿ ಬಸ್ಸು. ಕಾಲ್ವೆನ್ ಕಮರಿಯನ್ನು, ಆ 1499ರ ರಣಭೂಮಿಯನ್ನು, ಅದು ಕೆಲವೇ ನಿಮಿಷಗಳಲ್ಲಿ ದಾಟಿಬಿಟ್ಟಿತು. ಟೌಫರ್ಸ್ ಕಳೆದು ಗಡಿ. ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಗಡಿಯಾಚೆಯ ಮೊದಲ ಊರು ಮ್ಯೂಸ್ಟೈರ್. ಅಲ್ಲಿಯ ಜನರ ಮಾತು ಜರ್ಮನ್ನೂ ಅಲ್ಲ, ಇಟಾಲಿಯನ್ನೂ ಅಲ್ಲ, ರೊಮಾನ್ಶ್. ಅಕ್ಕನ ಭಾಷೆಯ ಗರ್ವ ಅಲ್ಲಿಗೆ ಇಳಿಯಿತು. ಕಾಫಿಯ ಬೆಲೆ ನೋಡಿ ನನ್ನದೂ ಇಳಿಯಿತು.

ಸಂತ ಯೋಹಾನನ ಕನ್ಯಾಮಠವನ್ನು ಶಾರ್ಲಮೇನ್ ಚಕ್ರವರ್ತಿ ಹಿಮಬಿರುಗಾಳಿಯಿಂದ ಪಾರಾದ ಹರಕೆಗೆ ಕಟ್ಟಿಸಿದನೆಂದು ಐತಿಹ್ಯ. ಬಿರುಗಾಳಿಗೆ ಪುರಾವೆಯಿಲ್ಲ. ಆದರೆ ಕಟ್ಟಡದ ತೊಲೆಗಳ ಉಂಗುರ ಎಣಿಸಿದವರು ಮರ ಕಡಿದದ್ದು 775ರ ಸುಮಾರಿಗೆ ಎಂದು ಹೇಳಿದ್ದಾರೆ, ಕಾಲ ಮಾತ್ರ ಅವನದೇ. 1983ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಒಳಗೋಡೆಗಳ ಮೇಲೆ 800ರ ಆಸುಪಾಸಿನ ಚಿತ್ರಗಳು ಸಾಲು ಸಾಲಾಗಿ ಉಳಿದಿವೆ. ಅಷ್ಟು ಹಳೆಯವು, ಅಷ್ಟು ವಿಸ್ತಾರವಾಗಿ, ಬೇರೆಲ್ಲೂ ಉಳಿದಿಲ್ಲ. ಬಣ್ಣ ಮಾಸಿ ಇಟ್ಟಿಗೆಗೆಂಪು, ಕಂದು, ಬೂದು. ಒಂದೊಂದು ಚೌಕವನ್ನೂ ಕಣ್ಣು ಕಿರಿದು ಮಾಡಿ ಬಿಡಿಸಿಕೊಳ್ಳಬೇಕು. ಅವುಗಳ ಮೇಲೆ 1200ರ ಸುಮಾರಿಗೆ ಮತ್ತೊಂದು ಪದರ ಬರೆದರು. ಆ ಎರಡನೆಯ ಕೈ ದಿಟ್ಟವಾದದ್ದು. ನಡುವಿನ ಗೂಡುಗೋಡೆಯಲ್ಲಿ ಹೆರೋದನ ಔತಣ ನಡೆಯುತ್ತಿದೆ. ಮೇಜಿನ ಮುಂದೆ ಸಲೋಮೆ ಕುಣಿಯುತ್ತಿದ್ದಾಳೆ, ಯೋಹಾನನ ತಲೆ ಉರುಳುವುದಕ್ಕೆ ಕಾರಣವಾದ ಕುಣಿತ.

ಮಠದಲ್ಲಿ ಇಂದಿಗೂ ಬೆನೆಡಿಕ್ಟೀನ್ ಸನ್ಯಾಸಿನಿಯರಿದ್ದಾರೆ, ಇದೇ ಚರ್ಚಿನಲ್ಲಿ ದಿನವೂ ಪ್ರಾರ್ಥನೆಗೆ ಸೇರುತ್ತಾರೆ. ಅಕ್ಕ ಬಹಳ ಹೊತ್ತು ಸಲೋಮೆಯನ್ನೇ ನೋಡಿ, “ಇವರ ಪ್ರಾರ್ಥನೆಗೆ ಎದುರಿಗೇ ಎಂಟುನೂರು ವರ್ಷ ಹಳೆಯ ಇವಳ ಕುಣಿತ. ಪೂಜೆಯ ನಡುವೆ ಕಣ್ಣು ಅತ್ತ ಹೋಗದೆ ಇರುತ್ತದೆಯೇ?” ಎಂದಳು. ಅಂಗಡಿಯಲ್ಲಿ ಕೂತಿದ್ದ ಹಿರಿಯ ಹೆಂಗಸಿಗೆ ಅದನ್ನೇ ಜರ್ಮನ್ನಿನಲ್ಲಿ ಕೇಳಿಯೂಬಿಟ್ಟಳು. ಆಕೆ ನಗುತ್ತಾ ಅದೇ ಚಿತ್ರದ ಅಂಚೆಕಾರ್ಡೊಂದನ್ನು ಎತ್ತಿ ತೋರಿಸಿ, ಎಲ್ಲಕ್ಕಿಂತ ಹೆಚ್ಚು ಖರ್ಚಾಗುವುದು ಇದೇ ಎಂದರು. ಅಕ್ಕ ಎರಡು ಕೊಂಡಳು. ಜೆರ್ನೆಟ್ಸ್‌ಗೆ ಹೋಗುವ ಮುಂದಿನ ಬಸ್ಸಿಗೆ ಇನ್ನೂ ನಲವತ್ತು ನಿಮಿಷಗಳಿದ್ದವು.